ಚಾಳೀಸು ಹಾಕಿಕೊಂಡು ಎಂ.ಬಿ.ಎ.

ತೈವಾನಿನ ತೈಪೆಗೆ ಹೋಗಿ ನಾನು ಮೊದಲು ಕೊಂಡದ್ದು ಒಂದು ಚಾಳೀಸು. ಪೆರ್ಲದ ನಮ್ಮ ಅಂಗಡಿಯಲ್ಲಿ ಹದಿನೇಳು ವರ್ಷ ಬಿಲ್ಲು ಬರೆದಿದ್ದೆ, ಕಣ್ಣು ಒಂದು ದಿನವೂ ತಕರಾರು ಮಾಡಿರಲಿಲ್ಲ. ಅಭ್ಯಾಸವಾದ ಅಂಕಿಗಳಿಗೆ ಕಣ್ಣೇ ಬೇಡ ಅಂತ ಗೊತ್ತಾದದ್ದು ವಾರಕ್ಕೆ ಐದಾರು ಕೇಸ್, ಅಂದರೆ ಒಂದೊಂದು ಕಂಪೆನಿಯ ವ್ಯವಹಾರದ ಕತೆ, ಓದಬೇಕಾಗಿ ಬಂದಾಗ. ಒಂದೊಂದೂ ಇಪ್ಪತ್ತು ಪುಟ, ಕೊನೆಯ ನಾಲ್ಕು ಪುಟ ಇರುವೆ ಸಾಲಿನಂಥ ಕೋಷ್ಟಕ. ನನಗೆ 43, ಪಕ್ಕದಲ್ಲಿ ಕೂತ ವಿಯೆಟ್ನಾಮಿನ ಹುಡುಗಿಗೆ 24. ಈ ಕನ್ನಡಕಕ್ಕೆ ನಿಮ್ಮಲ್ಲಿ ಏನು ಹೆಸರು ಅಂತ ಕೇಳಿದಳು. ಹೆಸರೇ ‘ನಲವತ್ತು’ ಅಂದೆ. ತರಗತಿ ಮುಗಿಯುವವರೆಗೂ ನಗುತ್ತಿದ್ದಳು.

ನಮ್ಮದು ಗೊಬ್ಬರ, ಸುಣ್ಣ, ಮೈಲುತುತ್ತು, ಸ್ಪ್ರೇಯರ್, ಪೈಪು ಮಾರುವ ಅಂಗಡಿ. ಕೀಟನಾಶಕ ಇಡುವುದಿಲ್ಲ, ಎಂಡೋಸಲ್ಫಾನ್ ನೋಡಿದ ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ಅದರ ಕಾರಣ ಹೇಳಬೇಕಾಗಿಲ್ಲ. ಮನೆಗೆ ತಾಗಿ ಮೂರು ಎಕರೆ ಅಡಿಕೆ ತೋಟ. ಕಾಸರಗೋಡಿನಲ್ಲಿ ಬಿ.ಕಾಂ. ಮುಗಿಸಿದ 2001ರಲ್ಲೇ ಮದುವೆಯಾಯಿತು, ಮುಂದೆ ಓದುವ ಮಾತು ಅಟ್ಟಕ್ಕೆ ಹೋಯಿತು. 2023ರಲ್ಲಿ ಮಗ ಪ್ಲಸ್ ಟು ಮುಗಿಸಿ ಹಾಸ್ಟೆಲಿಗೆ ಹೊರಟಾಗ ಅದನ್ನು ಅಟ್ಟದಿಂದ ಇಳಿಸಿದೆ. ಸಿಂಗಾಪುರದ ಫೀಸು ನೋಡಿ ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದೆ. ತೈವಾನಿನ ಸರಕಾರಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷಿನಲ್ಲೇ ಕಲಿಸುವ ಎಂ.ಬಿ.ಎ. ಉಂಟು, ಫೀಸು ಅದರ ಒಂದು ಸಣ್ಣ ಪಾಲು ಅಂತ ತಿಳಿದಾಗ ಪುನಃ ತೆರೆದೆ. ಅತ್ತೆ ಒಂದೇ ಮಾತು ಕೇಳಿದರು, “ಈ ಪ್ರಾಯದಲ್ಲಿ ಕಲಿತು ಯಾರಿಗೆ ಮಾರ್ಕು ತೋರಿಸುವುದು?” ಇವರು ಕೇಳಿದ್ದು ಬೇರೆ: “ಹೋಗಿ ಬಾ. ಆದರೆ ಮೇ ತಿಂಗಳ ಆರ್ಡರ್ ಯಾರು ಕೊಡುವುದು?”

ಸಾಲ ಕೇಳಲಿಕ್ಕೆ ಹೋದ ಬ್ಯಾಂಕಿನಲ್ಲಿ ಮ್ಯಾನೇಜರು ಅರ್ಜಿಯನ್ನು ಎರಡು ಸಲ ತಿರುಗಿಸಿ, “ವಿದ್ಯಾರ್ಥಿ ನಿಮ್ಮ ಮಗನಲ್ಲವಾ?” ಅಂದರು. ಕೊನೆಗೆ ಬಂಗಾರ ಅಡವಿಟ್ಟೆ. ಕಾಗದಪತ್ರದ ಓಡಾಟ ಹೇಳುವುದಾದರೆ, ಡಿಗ್ರಿ ಸರ್ಟಿಫಿಕೇಟು ಮೊದಲು ಕೋಝಿಕ್ಕೋಡಿನಲ್ಲಿರುವ ಕೇರಳ ಸರಕಾರದ ನೋರ್ಕಾ ಕಚೇರಿಗೆ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆಗೆ, ಅದಾದ ಮೇಲೆ ಚೆನ್ನೈಯಲ್ಲಿರುವ ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರಕ್ಕೆ. ತೈವಾನಿಗೂ ನಮಗೂ ರಾಯಭಾರ ಕಚೇರಿ ಇಲ್ಲ. ವೀಸಾ ಕೊಡುವುದು ಆ ಕೇಂದ್ರವೇ. ನನ್ನ ಪ್ರಾಯದವರು ಹೊರಡುವುದಾದರೆ ಹಳೆಯ ಮಾರ್ಕ್‌ಲಿಸ್ಟುಗಳನ್ನು ಮೊದಲು ಹುಡುಕಿ. ನನ್ನ ಎರಡನೇ ವರ್ಷದ್ದು ಸಿಕ್ಕಿದ್ದು ಮಗನ ಬಾಲ್ಯದ ಲಸಿಕೆ ಕಾರ್ಡಿನ ಜೊತೆ.

ವಿಶ್ವವಿದ್ಯಾಲಯ ಇದ್ದದ್ದು ತೈಪೆಯ ಅಂಚಿನ ಮುಜಾದಲ್ಲಿ. ಬೆನ್ನಿಗೆ ಚಹಾ ಬೆಳೆಯುವ ಗುಡ್ಡ, ವರ್ಷದಲ್ಲಿ ಅರ್ಧ ಕಾಲ ಮಳೆ, ಕೊಡೆ ಒಣಗುವುದೇ ಇಲ್ಲ. ಊರು ಬಿಟ್ಟು ಬಂದದ್ದಾ ಅನ್ನಿಸುತ್ತಿತ್ತು. ಬೋರ್ಡು ಓದಲಿಕ್ಕೆ ಬಾರದ್ದು ಸಹ ನನಗೆ ಹೊಸತಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಕಡೆ ಬಸ್ಸಿನ ಬೋರ್ಡು, ಕಚೇರಿಯ ಫಾರಂ ಎಲ್ಲ ಮಲಯಾಳವಾದವು. ನನ್ನ ಅಜ್ಜಿ ಬೋರ್ಡು ಓದುತ್ತಿರಲಿಲ್ಲ, ಬಸ್ಸಿನ ಬಣ್ಣ ನೋಡಿ ಹತ್ತುತ್ತಿದ್ದಳು. ನಾನೂ ಹಾಗೆಯೇ ಚೀನೀ ಅಕ್ಷರಗಳ ಮುಖಚಹರೆ ಹಿಡಿದೆ. ಮೊದಲು ಕಲಿತದ್ದು ಸಸ್ಯಾಹಾರದ ಅಕ್ಷರ, ‘ಸೂ’: ಮೇಲೆ ಮೂರು ಅಡ್ಡಗೆರೆಗೆ ಒಂದು ಉದ್ದಗೆರೆ, ಕೆಳಗೆ ನೂಲಿನ ಉಂಡೆಯಂಥದ್ದು. ಈ ಒಂದು ಅಕ್ಷರದಲ್ಲಿ ಎರಡು ವರ್ಷ ಉಂಡೆ. ಅಲ್ಲಿ ಬೌದ್ಧ ಸಂಪ್ರದಾಯದ ಸಸ್ಯಾಹಾರಿ ಊಟದಂಗಡಿಗಳು ಬೀದಿಗೊಂದು ಸಿಗುತ್ತವೆ. ತಟ್ಟೆಗೆ ಬೇಕಾದ್ದು ಹಾಕಿಕೊಂಡು ಹೋದರೆ ತೂಕ ಮಾಡಿ ದುಡ್ಡು ತೆಗೆದುಕೊಳ್ಳುತ್ತಾರೆ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಇದನ್ನು ಫೋನಿನಲ್ಲಿ ಹೇಳಿದಾಗ ಅತ್ತೆಗೆ ಆ ದೇಶದ ಮೇಲೆ ಮೊದಲ ಸಲ ಮರ್ಯಾದೆ ಹುಟ್ಟಿತು.

ಬಾಡಿಗೆ ಕೋಣೆಗೆ ತಿಂಗಳಿಗೆ 9,500 ತೈವಾನ್ ಡಾಲರ್, ನಮ್ಮ ಹತ್ತಿರ ಹತ್ತಿರ ಇಪ್ಪತ್ತೈದು ಸಾವಿರ ರೂಪಾಯಿ. ಬಚ್ಚಲುಮನೆ ಉಂಟು, ಅಡುಗೆಮನೆ ಇಲ್ಲ. ವಿದ್ಯಾರ್ಥಿಗಳ ಕೋಣೆಗಳು ಹೆಚ್ಚಿನವು ಹೀಗೆಯೇ. ನನ್ನನ್ನು ಬದುಕಿಸಿದ್ದು ತಾತುಂಗ್ ಕುಕ್ಕರ್. ಹೊರಗಿನ ಪಾತ್ರೆಗೆ ನೀರು ಹಾಕಿ ಗುಂಡಿ ಒತ್ತಿದರೆ ನೀರು ಆವಿಯಾಗಿ ಮುಗಿದ ಕೂಡಲೇ ಟಕ್ ಎಂದು ತಾನೇ ಆರುತ್ತದೆ. ಅವರ ಬೆಳ್ತಿಗೆ ಅಕ್ಕಿಗೆ ಹೊರಗೆ ಒಂದು ಲೋಟ ನೀರು ಸಾಕು. ನಾನು ಕೊಂಡುಹೋದ ಕುಚ್ಚಲಕ್ಕಿ ಬೇಯಲಿಕ್ಕೆ ಮೂರು ಸಲ ನೀರು ಹಾಕಿ ಮೂರು ಸಲ ಗುಂಡಿ ಒತ್ತಬೇಕು. ರಾತ್ರಿ ಓದುವ ಹೊತ್ತಿಗೆ ಅದೇ ನನ್ನ ಗಡಿಯಾರ. ಮೂರನೇ ಟಕ್ ಕೇಳಿದರೆ ಒಂದು ಕೇಸ್ ಮುಗಿಯಬೇಕು. ಗಂಜಿ, ಮಿಡಿ ಉಪ್ಪಿನಕಾಯಿ. ಕಸ ಹಾಕುವ ಪದ್ಧತಿ ಮಾತ್ರ ಒಗ್ಗಲಿಲ್ಲ. ಕಸದ ಲಾರಿ ಪಿಯಾನೋ ಸಂಗೀತ ಹಾಕಿಕೊಂಡು ಬರುತ್ತದೆ, ನಾವೇ ಚೀಲ ಹಿಡಿದು ಓಡಬೇಕು. ನಮ್ಮಲ್ಲಿ ಮೀನಿನವನ ಹಾರ್ನ್ ಕೇಳಿ ಜನ ಓಡುವ ಹಾಗೆ. ಅದು ಬರುವ ಹೊತ್ತಿಗೇ ನನಗೆ ಸಂಜೆಯ ತರಗತಿ.

ಫಾರಂ ತುಂಬುವುದರಲ್ಲೂ ಒಂದು ತಮಾಷೆ. ಅವರ ವರ್ಷ ನಮ್ಮದಲ್ಲ. ಇಸವಿಯಿಂದ 1911 ಕಳೆಯಬೇಕು. ನಾನು ಕಾಲಿಟ್ಟ 2023 ಅವರಿಗೆ 112, ನಾನು ಹುಟ್ಟಿದ 1980 ಅವರಿಗೆ 69. ಬ್ಯಾಂಕಿನ ಹುಡುಗಿ ಗಾಬರಿಯಿಂದ ವಿವರಿಸಹೊರಟಳು. ಕೇರಳದ ಕೊಲ್ಲವರ್ಷ 1199 ಎಂದು ಕ್ಯಾಲೆಂಡರಿನಲ್ಲಿ ನೋಡಿ ಬಂದವಳಿಗೆ ಇದೇನು ಮಹಾ.

ನಿಜವಾಗಿ ಕಷ್ಟವಾದದ್ದು ತರಗತಿ. ಹುಡುಗರ ಗುಂಪು ಕೆಲಸಕ್ಕೆ ಕೂರುವುದು ರಾತ್ರಿ ಹನ್ನೊಂದಕ್ಕೆ; ನಾನು ಹತ್ತಕ್ಕೆ ಮಲಗುವವಳು. ಟ್ಯಾಲಿ ಬಿಟ್ಟರೆ ನನಗೆ ಲೆಕ್ಕದ ಬೇರೆ ಸಾಫ್ಟ್‌ವೇರ್ ಗೊತ್ತಿಲ್ಲ, ಅವರು ಎಕ್ಸೆಲ್ಲಿನಲ್ಲಿ ಈಜುತ್ತಾರೆ. ಮೊದಲ ವರದಿಯಲ್ಲಿ ‘ಕೈಂಡ್ಲಿ ಡು ದ ನೀಡ್‌ಫುಲ್’ ಎಂದು ಬರೆದಿದ್ದೆ, ಪ್ರೊಫೆಸರ್ ‘ನೀಡ್‌ಫುಲ್’ ಸುತ್ತ ಕೆಂಪು ಗೆರೆ ಎಳೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಮೊದಲ ಪ್ರಸಂಟೇಶನ್ನಿನಲ್ಲಿ 12,50,000 ಎಂದು ಬರೆದೆ. ಅಲ್ಪವಿರಾಮ ಯಾಕೆ ಅಲ್ಲಿ ಅಂತ ಪರಾಗ್ವೇಯ ಹುಡುಗ ಕೇಳಿದ. ಲಕ್ಷ ಅಂದರೆ ಏನೆಂದು ಹೇಳುವಾಗ ಸಹಾಯಕ್ಕೆ ಬಂದವರು ತೈವಾನಿನವರೇ. ಅವರೂ ಸಾವಿರದಲ್ಲಿ ಎಣಿಸುವುದಿಲ್ಲ, ಹತ್ತು ಸಾವಿರಕ್ಕೆ ‘ವಾನ್’ ಅಂತ ಬೇರೆ ಹೆಸರು. ಆವತ್ತಿನಿಂದ ಅವರು ನನ್ನನ್ನು ‘ಜ್ಯೇ’ ಎಂದು ಕರೆಯತೊಡಗಿದರು. ಅಕ್ಕ ಎಂದು ಅರ್ಥ. ಪೆರ್ಲದಲ್ಲಿ ಗಿರಾಕಿಗಳಿಗೂ ನಾನು ಅಕ್ಕನೇ.

ಎರಡನೇ ಸೆಮಿಸ್ಟರಿನಲ್ಲಿ ಪತ್ರಿಕೆ ಮಾರುವವನ ಲೆಕ್ಕ ಬಂತು. ನಾಳೆ ಎಷ್ಟು ಪತ್ರಿಕೆ ಹೋಗುತ್ತದೆಂದು ಗೊತ್ತಿಲ್ಲದವನು ಇಂದು ಎಷ್ಟು ಕೊಳ್ಳಬೇಕು? ಕಡಿಮೆಯಾದರೆ ಲಾಭ ಹೋಯಿತು, ಉಳಿದರೆ ರದ್ದಿ. ಎರಡು ವರ್ಷದಲ್ಲಿ ನಾನು ಮೊದಲು ಕೈ ಎತ್ತಿದ್ದು ಅಲ್ಲಿ. ಯಾಕೆಂದರೆ ಅದು ನಮ್ಮ ಮೈಲುತುತ್ತಿನ ಲೆಕ್ಕ. ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಬಿಡಬೇಕು, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೇ ಕೊನೆಯ ಹದಿನೈದು ದಿನದಲ್ಲಿ ಊರಿಡೀ ಒಟ್ಟಿಗೆ ಅಂಗಡಿಗೆ ಬರುತ್ತದೆ. ಇವರಿಗೆ ಒಂದು ಹೆಮ್ಮೆ ಇತ್ತು: ಜೂನ್ ಮೊದಲ ವಾರ ಗೋದಾಮು ಗುಡಿಸಿದರೆ ಒಂದು ಮೂಟೆ ಉಳಿದಿರಬಾರದು.

ಲೆಕ್ಕ ಹೀಗೆ. ಒಂದು ಕಿಲೋದಲ್ಲಿ ನಮಗೆ ಸಿಗುವುದು 25 ರೂಪಾಯಿ. ಉಳಿದರೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಬಡ್ಡಿ, ತೇವಕ್ಕೆ ಗಟ್ಟಿಯಾದ ಮೂಟೆಯನ್ನು ಕಡಿಮೆಗೆ ಕೊಡುವುದು, ಎಲ್ಲ ಸೇರಿ ನಷ್ಟ 10. ಇಪ್ಪತ್ತೈದನ್ನು, ಎರಡೂ ಕೂಡಿದ ಮೂವತ್ತೈದರಿಂದ ಭಾಗಿಸಿದರೆ 0.71. ಅಂದರೆ ಹತ್ತು ಮಳೆಗಾಲದಲ್ಲಿ ಏಳರ ಬೇಡಿಕೆಗೆ ಸಾಕಾಗುವಷ್ಟು ತರಿಸಬೇಕು. ಹಾಗೆ ತರಿಸಿದರೆ ಹತ್ತರಲ್ಲಿ ಏಳು ವರ್ಷ ಸ್ವಲ್ಪವಾದರೂ ಉಳಿದೇ ಉಳಿಯುತ್ತದೆ. ಪ್ರತಿವರ್ಷ ಗೋದಾಮು ಖಾಲಿಯಾಗುತ್ತಿದೆ ಅಂದರೆ ನಾವು ಜಾಣರಾಗಿರಲಿಲ್ಲ, ಕಡಿಮೆ ತರಿಸುತ್ತಿದ್ದೆವು. ಇದನ್ನು ಬೋರ್ಡಿನಲ್ಲಿ ಬರೆದು ಮುಗಿಸಿದಾಗ ಪ್ರೊಫೆಸರ್ ಒಂದು ಪ್ರಶ್ನೆ ಹಾಕಿದರು: ನಿಮ್ಮಲ್ಲಿರುವುದು ಮಾರಾಟದ ಅಂಕಿ, ಬೇಡಿಕೆಯದ್ದು ಎಲ್ಲಿ? ಬರಿಗೈಯಲ್ಲಿ ಹಿಂದೆ ಹೋದವರನ್ನು ಟ್ಯಾಲಿ ಬರೆದುಕೊಳ್ಳುವುದಿಲ್ಲ. ಆ ರಾತ್ರಿಯೇ ಫೋನ್ ಮಾಡಿ, 2024ರ ಮೇ ಕೊನೆಗೆ ಸರಕು ಮುಗಿದ ಮೇಲೆ ಬಂದವರಿಗೆ ಒಂದೊಂದು ಗೀಟು ಹಾಕಲಿಕ್ಕೆ ಅಂಗಡಿಯ ಹುಡುಗನಿಗೆ ಹೇಳಿಸಿದೆ. ಕ್ಯಾಲೆಂಡರಿನ ಹಿಂದೆ 41 ಗೀಟು. ಅವರೆಲ್ಲ ಬದಿಯಡ್ಕಕ್ಕೋ ವಿಟ್ಲಕ್ಕೋ ಹೋದವರು, ಹೋದವರು ಸುಣ್ಣವನ್ನೂ ಅಲ್ಲಿಂದಲೇ ತಂದವರು.

ಆ ವರ್ಷದ ಏಪ್ರಿಲ್ 3ರ ಭೂಕಂಪವನ್ನೂ ಹೇಳಬೇಕು. ಬೆಳಿಗ್ಗೆ ಎಂಟಕ್ಕೆ ಎರಡು ನಿಮಿಷ ಇತ್ತು, ಹುವಾಲಿಯೆನ್‌ನಲ್ಲಿ 7.2. ತೈಪೆಯಲ್ಲಿ ನನ್ನ ಕಪಾಟು ಬಿತ್ತು, ಗಂಜಿ ಚೆಲ್ಲಿತು, ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಎದುರುಕೋಣೆಯ ಹುಡುಗಿ ಹಲ್ಲುಜ್ಜುತ್ತಾ ಹೊರಬಂದು ನನ್ನ ಮುಖ ನೋಡಿ ಒಳಗೆ ಹೋದಳು. ಊರಿನಲ್ಲಿ ಆಗ ಐದೂವರೆ. ಫೋನು ತೆಗೆದ ಅತ್ತೆಗೆ ಹೇಳಲಿಕ್ಕೆ ಧೈರ್ಯ ಬರದೆ, ಸುಮ್ಮನೆ ಮಾಡಿದ್ದು ಅಂದೆ. “ಉಂಡಾತಾ?” ಅಂದರು. ಬೆಳಿಗ್ಗೆ, ರಾತ್ರಿ ಯಾವಾಗ ಮಾಡಿದರೂ ಅವರ ಮೊದಲ ಪ್ರಶ್ನೆ ಅದೇ. ಅಲ್ಲಿಯ ಹಳಬರೂ ಹಾಗೆ. ನನ್ನ ಮನೆಯೊಡತಿ ಮೆಟ್ಟಿಲಲ್ಲಿ ಸಿಕ್ಕಿದರೆ ಕೇಳುವುದು “ಚ್ಯಾ ಪಾ ಬ್ವೆ”, ಹೊಟ್ಟೆ ತುಂಬ ಉಂಡೆಯಾ ಅಂತ.

ಆ ಮನೆಯೊಡತಿಗೆ ನಮ್ಮದು ಅಡಿಕೆ ತೋಟ ಅಂದಾಗ ಅವಳ ಮುಖ ಸ್ವಲ್ಪ ಬದಲಾದದ್ದನ್ನು ನೋಡಿದೆ. ಅಲ್ಲಿ ಅಡಿಕೆ ‘ಬಿನ್ಲಾಂಗ್’. ಹಸಿರು ಎಳೆಕಾಯಿಯನ್ನು ಸೀಳಿ ಸುಣ್ಣ, ಎಲೆ ಇಟ್ಟು ತಿನ್ನುತ್ತಾರೆ, ನಮ್ಮ ಹಾಗೆ ಅಂಗಳದಲ್ಲಿ ನಲವತ್ತು ದಿನ ಒಣಗಿಸಿ ಚಾಲಿ ಮಾಡುವುದಿಲ್ಲ. ಹೆದ್ದಾರಿ ಬದಿಯ ಗಾಜಿನ ಗೂಡುಗಳಲ್ಲಿ ಬಣ್ಣದ ದೀಪ ಹಾಕಿ ಹುಡುಗಿಯರು ಮಾರುತ್ತಾರೆ, ಕೊಳ್ಳುವವರು ಹೆಚ್ಚಾಗಿ ಲಾರಿ ಡ್ರೈವರುಗಳು, ಕಟ್ಟಡ ಕೆಲಸದವರು. ಬೀದಿಯಲ್ಲಿ ಉಗಿದರೆ ದಂಡ. ಡಿಸೆಂಬರ್ 3ನ್ನು ಅಡಿಕೆ ವಿರೋಧಿ ದಿನ ಮಾಡಿದ್ದಾರೆ, ತೋಟ ಕಡಿದು ಬೇರೆ ಬೆಳೆ ಹಾಕುವವರಿಗೆ ಸರಕಾರ ಸಹಾಯಧನ ಕೊಟ್ಟಿದೆ. ನಮ್ಮಲ್ಲಿ ಹರಿವಾಣದಲ್ಲಿ ಅದಿಲ್ಲದೆ ಮದುವೆ ಮಾತು ಏಳುವುದಿಲ್ಲ.

ಮಾರ್ಕೆಟಿಂಗ್ ತರಗತಿಗೆ ನಾನು ಅಡಿಕೆಯನ್ನೇ ವಿಷಯ ಮಾಡಿಕೊಂಡೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2003ರಲ್ಲೇ ತಂಬಾಕು ಸೇರದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದು ಹೇಳಿದ್ದನ್ನು ಮೊದಲ ಪುಟದಲ್ಲೇ ಹಾಕಿದೆ. ನಾನು ಮುಚ್ಚಿಟ್ಟರೆ ಎದುರು ಕೂತವರು ತೆಗೆಯುತ್ತಾರೆ. ಆಮೇಲೆ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೋ ಬಗ್ಗೆ ಹೇಳಿದೆ. ಅಡಿಕೆ ಕೊಳ್ಳಲಿಕ್ಕೆ ಬೆಳೆಗಾರರೇ ಕಟ್ಟಿದ ಸಹಕಾರಿ ಸಂಸ್ಥೆ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಮಾಡಿತು, ನಮ್ಮ ಅಡಿಕೆ ಮರದ ನಡುವಿನ ಕೊಕ್ಕೋ ಅಲ್ಲಿಗೆ ಹೋಯಿತು. ಕಡಿಯದೆ ಇನ್ನೊಂದು ಬೆಳೆ ಸೇರಿಸುವ ದಾರಿಯೂ ಉಂಟು ಎಂಬುದು ನನ್ನ ವಾದ. ಚರ್ಚೆಯಲ್ಲಿ ಒಬ್ಬ ಕೇಳಿದ, ನಿಮ್ಮ ಮಗನಿಗೆ ಅಡಿಕೆ ತಿನ್ನಲಿಕ್ಕೆ ಕೊಡುತ್ತೀರಾ? ಇಲ್ಲ ಅಂದೆ. ಹಾಗಾದರೆ ಬೆಳೆಯುತ್ತೀರಾ? ಹೌದು ಅಂದೆ. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಈಗಲೂ ಹೊಳೆದಿಲ್ಲ. ನಮ್ಮ ತೋಟದ ‘ಮಂಗಳ’ ತಳಿಯ ಮೂಲವೇ ಚೀನಾ ಎಂದು ಹೇಳಿ ಎಲ್ಲರನ್ನೂ ನಗಿಸಿ ಇಳಿದುಬಂದೆ, ಅಷ್ಟೆ.

ನೀತಿಶಾಸ್ತ್ರದ ಪ್ರಬಂಧಕ್ಕೆ ನಮ್ಮ ಪಂಚಾಯತಿನ ಗೇರು ಗುಡ್ಡಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಬರೆದೆ. ಅದನ್ನು ಬರೆಯುವಾಗ ಮಾತ್ರ ಯಾರ ಇಂಗ್ಲಿಷೂ ಬೇಕಾಗಲಿಲ್ಲ. ಪ್ರೊಫೆಸರ್ ತಿದ್ದಲೂ ಇಲ್ಲ.

2025ರ ಏಪ್ರಿಲಿನಲ್ಲಿ ಥೀಸಿಸ್ ನಡುವೆಯೇ ಮೈಲುತುತ್ತಿನ ಆರ್ಡರ್ ನಾನೇ ಕೊಟ್ಟೆ, ಗೀಟುಗಳನ್ನೂ ಸೇರಿಸಿ, 0.71ರ ಪ್ರಕಾರ. ಇವರು ಮಾತಾಡದೆ ಲಾರಿ ತರಿಸಿದರು. ಮೇ 24ಕ್ಕೆ ಕೇರಳಕ್ಕೆ ಮುಂಗಾರು ಮಳೆ ಬಂತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಮರ ಹತ್ತುವವರಿಲ್ಲ, ಮದ್ದು ಬಿಡಲಿಕ್ಕೆ ಒಂದು ದಿನ ಬಿಸಿಲಿಲ್ಲ, ಗಿರಾಕಿ ಅಂಗಡಿಗೆ ಬಂದದ್ದು ಕೊಡೆ ಮಡಚಿ ಮಾತಾಡಲಿಕ್ಕೆ ಮಾತ್ರ.

ಜುಲೈಯಲ್ಲಿ ನಾನು ಊರಿಗೆ ಬಂದು ಚೀಲ ಇಳಿಸುವ ಮೊದಲೇ ಇವರು ಗೋದಾಮಿನ ಬಾಗಿಲು ತೆರೆದು ತೋರಿಸಿದರು. ಅರ್ಧ ಗೋಡೆವರೆಗೆ ನೀಲಿ ಮೂಟೆ.

“ಇದು ನಿನ್ನ ಏಳರಲ್ಲಿ ಒಂದೋ, ಮೂರರಲ್ಲಿ ಒಂದೋ?”

“ಏಳರಲ್ಲಿ. ಉಳಿಯುವ ವರ್ಷ.”

“ಸರಿ. ಹಾಗಾದರೆ ಒಂದು ಬದಿ ಹಿಡಿ. ಕೆಳಗಿನ ಸಾಲಿಗೆ ಪಸೆ ಬಂದಿದೆ, ಹಲಗೆ ಹಾಕಬೇಕು.”

ಚಾಳೀಸು ತೆಗೆದು ಕಿಸೆಗೆ ಹಾಕಿ ಹಿಡಿದೆ.