ಹಳೇ ಡೀಸೆಲ್ ಗಾಡಿ ಏರ್ ಹಿಡಿತಿದ್ಯಾ? ಪಂಪ್ ಬಿಚ್ಚೋಕೆ ಮುಂಚೆ ಇಷ್ಟು ನೋಡಿ

ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಇಂಜಿನ್ ತಿರುಗುತ್ತೆ, ಆದ್ರೆ ಹಿಡಿಯಲ್ಲ. ಹೇಗೋ ಸ್ಟಾರ್ಟ್ ಆದ್ರೂ ಎರಡು ನಿಮಿಷ ಓಡಿ ನಿಂತೋಗತ್ತೆ, ಇಲ್ಲಾ ನೆಟ್ಟಗಿರೋ ರೋಡಲ್ಲಿ ಚೆನ್ನಾಗಿ ಹೋಗ್ತಿದ್ದ ಗಾಡಿ ಘಾಟಿ ಹತ್ತೋವಾಗ ಎಕ್ಸಿಲರೇಟರ್ ಪೂರ್ತಿ ಒತ್ತಿದ್ರೂ ಎಳೆಯಲ್ಲ. ಮಲೆನಾಡಲ್ಲಿ ಹಳೇ ಡೀಸೆಲ್ ಜೀಪ್ ಇಟ್ಕೊಂಡಿರೋರಿಗೆ ಇದು ಹೊಸದಲ್ಲ, ಮಳೆಗಾಲ ಪೂರ್ತಿ ಶೆಡ್ಡಲ್ಲಿ ನಿಂತ ಗಾಡಿ ಹೊರಗೆ ತೆಗೆಯೋವಾಗಂತೂ ಇದ್ದಿದ್ದೇ. ಸುಮಾರು ಸಲ ಇದಕ್ಕೆ ಕಾರಣ ಡೀಸೆಲ್ ಪೈಪಿಗೆ ಗಾಳಿ ಸೇರೋದು, ಅದನ್ನೇ ಏರ್ ಹಿಡಿಯೋದು ಅನ್ನೋದು. ಆದ್ರೆ ಎಲ್ರೂ ಹೇಳೋದು ಒಂದೇ, ಇಂಜೆಕ್ಷನ್ ಪಂಪ್ ಹೋಗಿದೆ ಬಿಚ್ಚಿಸಿ ಅಂತ. ದಯವಿಟ್ಟು ಅದನ್ನ ಕೊನೆಗೆ ಇಟ್ಕೊಳ್ಳಿ.

ನನ್ನ ಜೀಪ್ ಚಾರ್ಮಾಡಿ ಘಾಟಿ ತಿರುವಲ್ಲಿ ಹೀಗೇ ಕೈಕೊಟ್ಟಿತ್ತು, ಟ್ಯಾಂಕಲ್ಲಿ ಕಾಲು ಭಾಗ ಡೀಸೆಲ್ ಇತ್ತು. ಪಂಪ್ ಸರ್ವಿಸ್ ಮಾಡಿಸಿ ಹಾಕಿದ ಮೂರನೇ ದಿನ ಮತ್ತೆ ಅದೇ ಕಥೆ. ಕೊನೆಗೆ ಸಿಕ್ಕಿದ್ದು ಟ್ಯಾಂಕ್ ಹತ್ರ ರಬ್ಬರ್ ಪೈಪಲ್ಲಿ, ಸರಿಯಾಗಿ ಕ್ಲಿಪ್ ಕೆಳಗೆ, ಕೂದಲೆಳೆಯಷ್ಟು ಸೀಳು. ಹೊರಗೆ ಒಂದು ಹನಿ ಸೋರಿರ್ಲಿಲ್ಲ, ಪೈಪ್ ಒಣಗೇ ಇತ್ತು.

ಯಾಕೆ ಸೋರಲ್ಲ ಅಂದ್ರೆ ಟ್ಯಾಂಕಿಂದ ಫೀಡ್ ಪಂಪ್ (ಡೀಸೆಲ್ ಎಳೆದು ಮುಂದೆ ಕಳ್ಸೋ ಸಣ್ಣ ಪಂಪ್) ತನಕ ಡೀಸೆಲ್‌ನ ಎಳ್ಕೊಳ್ಳೋದು, ತಳ್ಳೋದಲ್ಲ. ಅಲ್ಲಿ ತೂತಿದ್ರೆ ಡೀಸೆಲ್ ಹೊರಗೆ ಬರೋ ಬದ್ಲು ಗಾಳಿ ಒಳಗೆ ಹೋಗತ್ತೆ. ಫೀಡ್ ಪಂಪ್ ಆದ್ಮೇಲೆ ಫಿಲ್ಟರ್, ಅಲ್ಲಿಂದ ಜೋರು ಒತ್ತಡ ಕೊಡೋ ಇಂಜೆಕ್ಷನ್ ಪಂಪ್, ಆಮೇಲೆ ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋ ನೋಜಲ್. ಈ ಕಡೆ ಲೂಸ್ ಇದ್ರೆ ಒದ್ದೆ ಕಾಣತ್ತೆ, ಅದನ್ನ ಹುಡುಕೋದು ಸುಲಭ.

ಮೊದಲು ಖರ್ಚಿಲ್ಲದ್ದು ನೋಡಿ. ಗಾಡಿ ಎಳೆಯದೇ ಇದ್ದಾಗ ಟ್ಯಾಂಕ್ ಮುಚ್ಚಳ ತೆಗೀರಿ, ಬುಸ್ ಅಂತ ಗಾಳಿ ಒಳಗೆ ಎಳ್ಕೊಂಡ್ರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಂತ ಅರ್ಥ, ತೊಳೆದ್ರೆ ಮುಗೀತು. ಆಮೇಲೆ ಫಿಲ್ಟರ್ ತಳದ ಡ್ರೈನ್ ಬಿಚ್ಚಿ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ನೀರಿದ್ರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತೆ, ಕಂದು ಪುಡಿ ಕೂತ್ರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದಿದೆ, ಹಾಗಿದ್ರೆ ಟ್ಯಾಂಕ್ ಇಳಿಸಿ ತೊಳೆಸದೆ ಬರೀ ಫಿಲ್ಟರ್ ಬದಲಾಯಿಸಿ ಪ್ರಯೋಜನ ಇಲ್ಲ.

ಈಗ ಫೀಡ್ ಪಂಪ್ ಮೇಲಿನ ಹ್ಯಾಂಡ್ ಪ್ರೈಮರ್, ಅಂದ್ರೆ ಕೈಯಲ್ಲಿ ಒತ್ತಿ ಡೀಸೆಲ್ ಎಳೆಯೋ ಗುಂಡಿ, ಒತ್ತಿ ನೋಡಿ, ಕೈಗೇ ಗೊತ್ತಾಗತ್ತೆ. ಮೇಲೆ ಎತ್ತೋಕೆ ಬಿಗಿಯಾಗಿ, ಕೆಳಗೆ ಎಳ್ಕೊಳ್ಳೋ ಥರ ಇದ್ರೆ ಟ್ಯಾಂಕ್ ಕಡೆ ಕಟ್ಟಿದೆ, ಒಳಗಿನ ಜಾಲರಿ ನೋಡಿ. ಎಷ್ಟು ಒತ್ತಿದ್ರೂ ಖಾಲಿ ಖಾಲಿ ಅನ್ಸಿದ್ರೆ ಗಾಳಿ ಎಳೀತಿದೆ, ಇಲ್ಲಾ ಫೀಡ್ ಪಂಪಿನ ವಾಲ್ವ್ ಸವೆದಿದೆ.

ಯಾವುದು ಅಂತ ತಿಳಿಯೋಕೆ ಫೀಡ್ ಪಂಪ್‌ಗೆ ಬರೋ ಪೈಪ್ ಬಿಚ್ಚಿ ಅಲ್ಲಿ ಒಂದಡಿ ಟ್ರಾನ್ಸ್‌ಪರೆಂಟ್ ಪೈಪ್ ಜೋಡಿಸಿ ಇಂಜಿನ್ ಓಡಿಸಿ. ಮಣಿಸರದ ಥರ ಗುಳ್ಳೆ ಸಾಲಾಗಿ ಬರ್ತಾನೇ ಇದ್ರೆ ತೂತು ಅದರ ಹಿಂದೆ ಎಲ್ಲೋ ಇದೆ. ಇನ್ನೂ ಖಚಿತ ಬೇಕಂದ್ರೆ ಐದು ಲೀಟರ್ ಕ್ಯಾನಲ್ಲಿ ಸೋಸಿದ ಡೀಸೆಲ್ ತುಂಬಿ, ಇಂಜಿನ್ ಬಿಸಿ, ಫ್ಯಾನ್ ತಾಗದ ಹಾಗೆ ಎತ್ತರದಲ್ಲಿ ಕಟ್ಟಿ, ಅದರಿಂದ ನೇರ ಫೀಡ್ ಪಂಪ್‌ಗೆ ಕೊಡಿ. ಕಾಲು ಗಂಟೆ ಗಾಡಿ ತಕರಾರಿಲ್ಲದೆ ಓಡಿದ್ರೆ ಇಂಜೆಕ್ಷನ್ ಪಂಪ್ ಸರಿಯಾಗೇ ಇದೆ, ಟ್ಯಾಂಕಿಂದ ಬರೋ ಪೈಪ್ ಪೂರ್ತಿ ಬದಲಾಯಿಸಿ, ಬಿಚ್ಚಿದ ಕಡೆಯೆಲ್ಲಾ ಹೊಸ ಕಾಪರ್ ವಾಷರ್ ಹಾಕಿ. ಹಳೇ ವಾಷರ್ ಮತ್ತೆ ಹಾಕಿದ್ರೆ ಅಲ್ಲೇ ಗಾಳಿ ಎಳಿಯುತ್ತೆ.

ಆಮೇಲೆ ಏರ್ ತೆಗೆಯೋದು. ಫಿಲ್ಟರ್ ಮೇಲಿನ ಸ್ಕ್ರೂ ಸ್ವಲ್ಪ ಸಡಿಲ ಮಾಡಿ ಪ್ರೈಮರ್ ಒತ್ತಿ, ಮೊದಲು ನೊರೆ ಬರತ್ತೆ, ನೊರೆ ನಿಂತು ಬರೀ ಡೀಸೆಲ್ ಬಂದಾಗ ಪ್ರೈಮರ್ ಒತ್ತಿ ಹಿಡಿದೇ ಸ್ಕ್ರೂ ಟೈಟ್ ಮಾಡಿ. ಇಂಜೆಕ್ಷನ್ ಪಂಪಿನ ಸ್ಕ್ರೂಗೂ ಹೀಗೇ. ಆದ್ರೂ ಹಿಡಿಯದಿದ್ರೆ ನೋಜಲ್ ಹತ್ರ ಪೈಪಿನ ನಟ್ 17 ಅಥವಾ 19ರ ಸ್ಪ್ಯಾನರಲ್ಲಿ ಅರ್ಧ ಸುತ್ತು ಬಿಟ್ಟು ಸೆಲ್ಫ್ ಹೊಡೀರಿ, ಒಂದ್ಸಲಕ್ಕೆ 15 ಸೆಕೆಂಡಿಗಿಂತ ಜಾಸ್ತಿ ಬೇಡ, ಸೆಲ್ಫ್ ಮೋಟರ್ ಸುಟ್ಟೋಗತ್ತೆ. ಅಲ್ಲಿ ಮಾತ್ರ ಕೈ, ಮುಖ ದೂರ ಇಡಿ. ಹಳೇ ನೋಜಲ್ ಕೂಡ ಸುಮಾರು 200 ಬಾರ್ ಒತ್ತಡದಲ್ಲಿ ತೆರ್ಕೊಳ್ಳೋದು, ಆ ಸಣ್ಣ ಧಾರೆ ಚರ್ಮ ಸೀಳಿ ಒಳಗೆ ಹೋಗತ್ತೆ, ಹಾಗೆ ಆದ್ರೆ ಗಾಯ ಚಿಕ್ಕದಾಗಿ ಕಂಡ್ರೂ ತಕ್ಷಣ ಆಸ್ಪತ್ರೆಗೆ ಹೋಗಿ. ಕಂಪ್ಯೂಟರ್ ಕಂಟ್ರೋಲ್ ಇರೋ ಈಗಿನ ಕಾಮನ್ ರೈಲ್ ಡೀಸೆಲ್ ಗಾಡಿಗಳಲ್ಲಿ ಒತ್ತಡ ಸಾವಿರ ಬಾರ್‌ಗೂ ಮೇಲೆ, ಅದರ ನಟ್ ಮುಟ್ಟಲೇಬೇಡಿ.

ಕ್ಯಾನಿಂದ ಕೊಟ್ರೂ ಗಾಡಿ ಎಳೆಯದೇ ಇದ್ದು ಫಿಲ್ಟರ್ ಹೊಸದಾಗಿದ್ರೆ ಆಗ ಪಂಪ್, ನೋಜಲ್ ಎರಡನ್ನೂ ಟೆಸ್ಟ್ ಬೆಂಚ್ (ಪಂಪ್ ಓಡಿಸಿ ಪರೀಕ್ಷೆ ಮಾಡೋ ಯಂತ್ರ) ಇರೋ ವರ್ಕ್‌ಶಾಪಿಗೇ ಕೊಡಿ. 1951ರಲ್ಲಿ ಮೈಕೋ ಆಗಿ ಶುರುವಾಗಿ 2008ರಲ್ಲಿ ಬಾಷ್ ಅಂತ ಹೆಸರು ಬದಲಾದ ಕಂಪನಿಯ ಪಂಪ್‌ನ ನಮ್ಮ ಮೆಕ್ಯಾನಿಕ್‌ಗಳು ಇವತ್ತಿಗೂ ಮೈಕೋ ಪಂಪ್ ಅಂತಲೇ ಕರೀತಾರೆ, ಅದರ ಒಳಗಿನ ಎಲಿಮೆಂಟ್ (ಡೀಸೆಲ್‌ಗೆ ಒತ್ತಡ ಕೊಡೋ ಸಣ್ಣ ಪಿಸ್ಟನ್ ಜೋಡಿ) ಮನೆ ಅಂಗಳದಲ್ಲಿ ಬಿಚ್ಚೋವಂಥದ್ದಲ್ಲ, ಒಂದು ಮರಳಿನ ಕಣ ಸಾಕು ಹಾಳಾಗೋಕೆ.

ರಿಪೇರಿ ಆದ್ಮೇಲೆ ಟ್ರಾನ್ಸ್‌ಪರೆಂಟ್ ಪೈಪ್ ಒಂದು ರಾತ್ರಿ ಹಾಗೇ ಇರ್ಲಿ. ಬೆಳಿಗ್ಗೆ ಅದರಲ್ಲಿ ಡೀಸೆಲ್ ಇಳಿಯದೆ ತುಂಬಿ ನಿಂತಿದ್ದು ಒಂದೇ ಸೆಲ್ಫಿಗೆ ಗಾಡಿ ಹಿಡಿದ್ರೆ, ಅದನ್ನ ತೆಗೆದು ಒಳ್ಳೆ ಡೀಸೆಲ್ ಹೋಸ್ ಹಾಕಿ, ಆ ಪ್ಲಾಸ್ಟಿಕ್ ಇಂಜಿನ್ ಬಿಸಿಗೆ ಮೆತ್ತಗಾಗತ್ತೆ.