ನಂದಿ ತಪ್ಪಲಿನ ವೈನ್ ಮತ್ತು ನಮ್ಮ ಊಟ: ನನ್ನ ಅನುಭವ

ಮೀನಿಗೆ ಬಿಳಿ ವೈನ್, ಮಾಂಸಕ್ಕೆ ಕೆಂಪು ವೈನ್ ಎಂಬ ಸೂತ್ರವನ್ನು ನಾನೂ ಬಹಳ ಕಾಲ ಕೇಳಿಕೊಂಡು ಬಂದವನು. ನಂದಿ ಬೆಟ್ಟದ ತಪ್ಪಲಿನ ವೈನ್‌ಗಳನ್ನು ನಮ್ಮ ಮನೆಯ ಅಡುಗೆಯೊಡನೆ ಒಂದೊಂದಾಗಿ ರುಚಿ ನೋಡುತ್ತಾ ಹೋದಂತೆ, ನಮ್ಮ ಊಟಕ್ಕೆ ಮೊದಲು ನೋಡಬೇಕಾದದ್ದು ಖಾರ ಮತ್ತು ಹುಳಿಯನ್ನು ಎಂಬುದು ಖಚಿತವಾಯಿತು.

ನನ್ನ ಕಲಿಕೆ ಶುರುವಾದದ್ದು ದೊಡ್ಡಬಳ್ಳಾಪುರ ಸಮೀಪದ ಗ್ರೋವರ್ ಜಂಪಾ ದ್ರಾಕ್ಷಿ ತೋಟದಲ್ಲಿ. ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಷಾಂಪೇನ್ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ 1988ರಲ್ಲಿ ಕಟ್ಟಿದ ಸಂಸ್ಥೆ ಅದು. ಅಲ್ಲಿಗೆ ಹೋಗುವವರು ಫೆಬ್ರುವರಿ, ಮಾರ್ಚ್ ಕೊಯ್ಲಿನ ಹೊತ್ತಿಗೆ ಹೋಗುವುದು ಒಳ್ಳೆಯದು. ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ವಿಶ್ರಮಿಸುತ್ತದೆ; ನಮ್ಮಲ್ಲಿ ಅಂಥ ಚಳಿ ಇಲ್ಲದಿರುವುದರಿಂದ ವರ್ಷಕ್ಕೆ ಎರಡು ಬಾರಿ ಬಳ್ಳಿ ಸವರಿ, ಹಣ್ಣು ಮಾಗುವ ಕಾಲವನ್ನು ಮಳೆ ಕಳೆದ ಒಣ ತಿಂಗಳುಗಳಿಗೆ ಹೊಂದಿಸುತ್ತಾರೆ. ಸುಮಾರು ಮೂರು ಸಾವಿರ ಅಡಿ ಎತ್ತರದ ಈ ನೆಲದಲ್ಲಿ ರಾತ್ರಿಗಳು ತಂಪಾಗಿರುವುದರಿಂದ ಹಣ್ಣು ತನ್ನ ಹುಳಿಯನ್ನು ಪೂರ್ತಿ ಕಳೆದುಕೊಳ್ಳುವುದಿಲ್ಲ.

ಅವಕಾಶ ಸಿಕ್ಕರೆ ವೈನ್‌ಗಿಂತ ಮೊದಲು ಹಣ್ಣನ್ನೇ ತಿಂದು ನೋಡಬೇಕು. ಕೆಂಪು ವೈನಿಗೆ ಬಳಸುವ ಶಿರಾಜ್ ತಳಿಯ ದ್ರಾಕ್ಷಿ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ. ಸಿಪ್ಪೆ, ಬೀಜ ಅಗಿದಾಗ ನಾಲಿಗೆ ಒಣಗಿದಂತಾಗುವ ಒಗರೇ ಟ್ಯಾನಿನ್. ಕೆಂಪು ವೈನಿಗೆ ರಸವನ್ನು ಸಿಪ್ಪೆಯೊಡನೆಯೇ ಹುದುಗಲು ಬಿಡುವುದರಿಂದ ಆ ಒಗರು ಅದರಲ್ಲಿ ಇಳಿಯುತ್ತದೆ. ಬಿಳಿ ವೈನಿಗೆ ರಸವನ್ನು ಮೊದಲೇ ಹಿಂಡಿ ಬೇರ್ಪಡಿಸುತ್ತಾರೆ. ಈ ಒಂದು ವ್ಯತ್ಯಾಸ ತಿಳಿದರೆ ಊಟ ಹೊಂದಿಸುವ ಕೆಲಸ ಅರ್ಧ ಮುಗಿದಂತೆ, ಏಕೆಂದರೆ ಒಗರು ಮತ್ತು ಆಲ್ಕೋಹಾಲ್ ಎರಡೂ ಒಣಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತವೆ.

ಆದ್ದರಿಂದಲೇ ಮುದ್ದೆ, ನಾಟಿಕೋಳಿ ಸಾರಿನ ಊಟಕ್ಕೆ ಕೆಂಪು ವೈನನ್ನು ನಾನು ಕೈಬಿಟ್ಟೆ. ತುಸು ಸಿಹಿ ಉಳಿಸಿರುವ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನನ್ನು ಚೆನ್ನಾಗಿ ತಣಿಸಿ ಕೊಟ್ಟಾಗ ಖಾರ ತಗ್ಗಿ, ಮಸಾಲೆಯ ಪರಿಮಳ ಮೇಲೆದ್ದು ಬಂತು. ಸೋವಿನ್ಯೋನ್ ಬ್ಲಾಂಕ್ ಎಂಬ ಇನ್ನೊಂದು ಬಿಳಿ ವೈನಿನಲ್ಲಿ ಹಸಿರು ಸೊಪ್ಪಿನ, ದೊಣ್ಣೆ ಮೆಣಸಿನಕಾಯಿಯ ವಾಸನೆ ಇರುತ್ತದೆ. ಅವರೆ ಸುಗ್ಗಿಯಲ್ಲಿ ಸಬ್ಬಸಿಗೆ ಸೊಪ್ಪು ಹಾಕಿ ಮಾಡಿದ ಹಿತಕಿದ ಬೇಳೆಯ ಪಲ್ಯದೊಡನೆ ಅದನ್ನು ಕುಡಿದಾಗ ಎರಡರ ಹಸಿರು ಪರಿಮಳವೂ ಒಂದಕ್ಕೊಂದು ಕೂಡಿಕೊಂಡಿತು. ನನಗೆ ಅತ್ಯಂತ ಪ್ರಿಯವಾದ ಜೋಡಿ ಇದು. ತೆಂಗಿನಹಾಲಿನ ತರಕಾರಿ ಸಾಗುವಿಗೆ ಮೈದುಂಬಿದ, ಹುಳಿ ಕಡಿಮೆಯಿರುವ ವಿಯೋನ್ಯೇ ಎಂಬ ಬಿಳಿ ವೈನ್ ಒಪ್ಪುತ್ತದೆ.

ಶಿರಾಜ್‌ಗೆ ತಕ್ಕ ಊಟ ಕೊಡಗಿನ ಪಂದಿಕರಿ. ಶಿರಾಜ್‌ನ ಮೆಣಸಿನ ಘಮಕ್ಕೆ ಕಾರಣವಾದ ರೋಟಂಡೋನ್ ಎಂಬ ವಸ್ತು ಕರಿಮೆಣಸಿನಲ್ಲಿಯೂ ಇದೆ. ಪಂದಿಕರಿಯ ರುಚಿಗೆ ಕರಿಮೆಣಸೇ ಆಧಾರ. ಹಂದಿಯ ಕೊಬ್ಬು ವೈನಿನ ಒಗರನ್ನು ಮೆದುಗೊಳಿಸುತ್ತದೆ, ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹುಳಿರಸದ ಹುಳಿ ಅದರ ಹಣ್ಣಿನ ರುಚಿಯನ್ನು ಎತ್ತಿ ಹಿಡಿಯುತ್ತದೆ. ಒಣಮೆಣಸಿನಕಾಯಿಯನ್ನು ಮಾತ್ರ ಕಡಿಮೆ ಹಾಕಬೇಕು. ಕ್ಯಾಬರ್ನೆ ಸೋವಿನ್ಯೋನ್ ಎಂಬ ಕೆಂಪು ತಳಿ ಮತ್ತು ಶಿರಾಜ್ ಬೆರೆಸಿದ ಗ್ರೋವರ್‌ನವರ ಲಾ ರಿಸರ್ವ್ ಇನ್ನೂ ಗಟ್ಟಿ ವೈನು; ಅದಕ್ಕೆ ಸಾರಿನ ಅಡುಗೆ ಬೇಡ, ಕೆಂಡದ ಮೇಲೆ ಸುಟ್ಟ ಕುರಿಮಾಂಸ ಸಾಕು.

ಹುಣಸೆಹಣ್ಣಿನ ತಿಳಿಸಾರಿಗೂ ಮಾವಿನಕಾಯಿ ಉಪ್ಪಿನಕಾಯಿಗೂ ನಾನು ಯಾವ ವೈನನ್ನೂ ಸೂಚಿಸಲಾರೆ. ಊಟದ ಹುಳಿ ವೈನಿನ ಹುಳಿಯನ್ನು ಮೀರಿದರೆ ವೈನು ಸಪ್ಪೆಯಾಗುತ್ತದೆ.

ತಾಪಮಾನಕ್ಕೂ ಗಮನ ಕೊಡಬೇಕು. ಕೆಂಪು ವೈನನ್ನು ಕೋಣೆಯ ತಾಪಮಾನದಲ್ಲಿ ಕುಡಿಯಬೇಕು ಎಂಬ ಮಾತು ತಂಪು ದೇಶದ ಕೋಣೆಗೆ ಸಲ್ಲುವಂಥದು. ಬೇಸಿಗೆಯಲ್ಲಿ ನಾನು ಕೆಂಪು ವೈನಿನ ಬಾಟಲಿಯನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, 16ರಿಂದ 18 ಡಿಗ್ರಿ ಸೆಲ್ಸಿಯಸ್‌ಗೆ ತರುತ್ತೇನೆ. ಬಿಳಿ ವೈನಿಗೆ 8ರಿಂದ 10 ಡಿಗ್ರಿ ಸರಿ.

ಹಂಪಿ ಸೀಮೆಯಲ್ಲಿ ಕೃಷ್ಮಾ ಎಸ್ಟೇಟ್ಸ್‌ನವರು ಇಟಲಿಯ ಸಾಂಜೊವೀಸೆ ತಳಿಯಿಂದಲೂ ವೈನ್ ಮಾಡುತ್ತಾರೆ. ಹುಳಿ ಹೆಚ್ಚಿರುವ ತಳಿಯಾದ್ದರಿಂದ ಅದು ಟೊಮೆಟೊ ಗೊಜ್ಜಿನ ಹುಳಿಯನ್ನು ತಾಳಿಕೊಳ್ಳಬಹುದೆಂಬ ಅಂದಾಜು ನನ್ನದು, ಮುಂದೆ ಪರೀಕ್ಷಿಸಬೇಕೆಂದಿರುವುದೂ ಅದನ್ನೇ.