ಕಿಸುಮು ಬಸ್ಸಿನಲ್ಲಿ ಹೋದ ಕಥೆ ಪುಸ್ತಕ

ನೈರೋಬಿಯ ಒಂದು ಸಣ್ಣ ಪ್ರಕಾಶನದಲ್ಲಿ ಆರು ವರ್ಷ ಮಾರಾಟದ ಕೆಲಸ ನೋಡಿಕೊಂಡೆ. ನಮ್ಮ ಯಜಮಾನರಿಗೆ ಅಲ್ಲಿ ಕೆಲಸ ಸಿಕ್ಕಿತ್ತು, ಹಾಗಾಗಿ ಧಾರವಾಡ ಬಿಟ್ಟು ಹೋದವಳು ನಾನು. ಊರಲ್ಲಿ ಅಪ್ಪನ ಪುಸ್ತಕದಂಗಡಿಯಲ್ಲಿ ಬಿಲ್ ಬರೆದು, ಪಾರ್ಸೆಲ್ ಕಟ್ಟಿ ಅಭ್ಯಾಸವಿತ್ತು. ಅದನ್ನೇ ನಂಬಿ ಅವರು ನನ್ನನ್ನು ಸೇರಿಸಿಕೊಂಡರು.

ಆಫ್ರಿಕಾದ ಪುಸ್ತಕ ಎಂದರೆ ನಾನು ಕಾಲೇಜಿನಲ್ಲಿ ಓದಿದ್ದೆಲ್ಲ ಲಂಡನ್ನಿನಿಂದ ಬಂದದ್ದು. ಹೈನ್‌ಮನ್ ಕಂಪನಿ 1962ರಲ್ಲಿ ಶುರುಮಾಡಿದ ಆಫ್ರಿಕನ್ ಲೇಖಕರ ಮಾಲೆಯ ಕಿತ್ತಳೆ ರಟ್ಟಿನ ಪುಸ್ತಕಗಳು. ಆಫ್ರಿಕಾದಲ್ಲೇ ಅಚ್ಚಾಗಿ, ಅಲ್ಲೇ ಮಾರಾಟವಾಗುವ ಪುಸ್ತಕದ ಪಾಡು ಏನು ಎಂದು ಗೊತ್ತಾಗಿದ್ದು ಆ ಕೆಲಸಕ್ಕೆ ಸೇರಿದ ಮೇಲೆ.

ನಾನು ಪೂರ್ತಿ ಜವಾಬ್ದಾರಿ ಹೊತ್ತ ಮೊದಲ ಪುಸ್ತಕ ಮಕ್ಕಳ ಕಥೆಗಳದ್ದು. ಭಾಷೆ ಧೊಲುವೊ. ಪಶ್ಚಿಮ ಕೆನ್ಯಾದಲ್ಲಿ, ವಿಕ್ಟೋರಿಯಾ ಸರೋವರದ ಸುತ್ತ ಇರುವ ಲುವೊ ಜನರ ಮಾತು ಅದು. ಕಥೆಗಳ ನಾಯಕ ಅಪ್ವೊಯೊ, ಅಂದರೆ ಮೊಲ. ನಮ್ಮ ಕಥೆಗಳಲ್ಲಿ ನರಿ ಮಾಡುವ ಕಿತಾಪತಿಯನ್ನೆಲ್ಲ ಅಲ್ಲಿ ಮೊಲ ಮಾಡುತ್ತದೆ. ಬಣ್ಣದ ಚಿತ್ರಗಳಿದ್ದವು. ಎರಡು ಸಾವಿರ ಪ್ರತಿ ಹಾಕೋಣ ಎಂದು ತೀರ್ಮಾನವಾಯಿತು.

ಎಲ್ಲಿ ಅಚ್ಚು ಹಾಕಿಸುವುದು? ಕೆನ್ಯಾದಲ್ಲಿ ಕಾಗದ ದುಬಾರಿ. ವೆಬುಯೆ ಊರಿನಲ್ಲಿ ದೊಡ್ಡ ಕಾಗದದ ಕಾರ್ಖಾನೆ ಇತ್ತು, ನಮ್ಮ ಬಿರ್ಲಾ ಕಂಪನಿಯ ಪಾಲೂ ಅದರಲ್ಲಿತ್ತು. ಅದು 2009ರಲ್ಲಿ ಮುಚ್ಚಿಹೋಯಿತು. ಹಾಗಾಗಿ ಅಲ್ಲಿನ ಎಷ್ಟೋ ಪ್ರಕಾಶಕರು ಭಾರತದಲ್ಲಿ ಅಚ್ಚು ಹಾಕಿಸುತ್ತಾರೆ. ನಾನೂ ಶಿವಕಾಶಿಯ ಒಂದು ಪ್ರೆಸ್‌ಗೆ ಕೊಟ್ಟೆ. ದರ ಕಡಿಮೆ ಬಿತ್ತು, ಮುದ್ರಣವೂ ಚೆನ್ನಾಗಿತ್ತು. ಆದರೆ ಹಡಗು ಮೊಂಬಾಸಾಗೆ ಬರಬೇಕು, ಬಂದರಿನಲ್ಲಿ ಬಿಡುಗಡೆ ಆಗಬೇಕು, ಅಲ್ಲಿಂದ ನೈರೋಬಿಗೆ ಸುಮಾರು 480 ಕಿಲೋಮೀಟರ್. ಪೆಟ್ಟಿಗೆಗಳು ನಮ್ಮ ಗೋದಾಮು ಸೇರಿದಾಗ ಫೆಬ್ರವರಿ ಮುಗಿಯುತ್ತಿತ್ತು. ಅಲ್ಲಿ ಶಾಲೆ ಶುರುವಾಗುವುದು ಜನವರಿಯಲ್ಲಿ. ತಾಯಂದಿರು ಪುಸ್ತಕಕ್ಕೆ ದುಡ್ಡು ಬಿಚ್ಚುವುದೂ ಆಗಲೇ. ಕ್ಯಾಲೆಂಡರ್ ನೋಡದೆ ದರ ಮಾತ್ರ ನೋಡಿದ್ದೆ. ತಪ್ಪು ನನ್ನದು.

ಬೆಲೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮುಖಬೆಲೆ 400 ಶಿಲ್ಲಿಂಗ್. ಅಂಗಡಿಗೆ ಶೇ. 35, ಅಂದರೆ 140. ಲೇಖಕಿಗೆ 40. ಮುದ್ರಣ, ಹಡಗು, ಲಾರಿ ಸೇರಿ 110. ಮುಖಬೆಲೆಯಲ್ಲೇ ಸೇರಿದ ಶೇ. 16 ವ್ಯಾಟ್, ಅದು ಸುಮಾರು 55. 2013ರ ಕಾಯ್ದೆಯಿಂದ ಅಲ್ಲಿ ಪುಸ್ತಕಕ್ಕೂ ಆ ತೆರಿಗೆ ಬಿತ್ತು. ಎಲ್ಲ ಕಳೆದರೆ ನಮಗೆ ಉಳಿಯುವುದು 55ರ ಆಸುಪಾಸು. ಅದೂ ಪುಸ್ತಕ ಮಾರಾಟವಾಗಿ, ಅಂಗಡಿಯವರು ದುಡ್ಡು ಕೊಟ್ಟರೆ.

ಮೊದಲು ಎಲ್ಲರಂತೆ ಅಂಗಡಿಗಳಿಗೆ ಕೊಟ್ಟೆ. ಮಾರಿದರೆ ದುಡ್ಡು, ಇಲ್ಲದಿದ್ದರೆ ವಾಪಸ್, ಇದು ಕರಾರು. ಅಂಗಡಿಯವರನ್ನೂ ಬೈಯುವ ಹಾಗಿಲ್ಲ. 2018ರಿಂದ ಅಲ್ಲಿನ ಸರ್ಕಾರ ಪಠ್ಯಪುಸ್ತಕಗಳನ್ನು ಪ್ರಕಾಶಕರಿಂದ ತಾನೇ ಕೊಂಡು ನೇರ ಶಾಲೆಗಳಿಗೆ ಕಳಿಸಲು ಶುರುಮಾಡಿತು. ಪಠ್ಯಪುಸ್ತಕವೇ ಅಂಗಡಿಗಳ ಅನ್ನ. ಅದು ಹೋದ ಮೇಲೆ ಕಥೆ ಪುಸ್ತಕವನ್ನು ನಗದು ಕೊಟ್ಟು ಕೊಳ್ಳುವ ಶಕ್ತಿ ಯಾರಿಗಿತ್ತು? 300 ಪ್ರತಿ ಹಂಚಿದ್ದೆ. ನಾಲ್ಕು ತಿಂಗಳಲ್ಲಿ ಹೋದದ್ದು 41. ವಾಪಸ್ ಬಂದವುಗಳ ರಟ್ಟು ಬಿಸಿಲಿಗೆ ಮಾಸಿತ್ತು, ಬೆಲೆಯ ಚೀಟಿ ಕಿತ್ತ ಅಂಟು ಹಾಗೇ ಇತ್ತು. ಒಂದು ಅಂಗಡಿಯಿಂದ ದುಡ್ಡು ಬರಲು ಹನ್ನೊಂದು ತಿಂಗಳು ಹಿಡಿಯಿತು. ಆ ಪೆಟ್ಟಿಗೆ ಬಿಚ್ಚಿದ ದಿನ ನನಗೆ ಊಟ ಸೇರಲಿಲ್ಲ.

ದಾರಿ ತೋರಿಸಿದ್ದು ನಮ್ಮ ಗೋದಾಮು ನೋಡಿಕೊಳ್ಳುತ್ತಿದ್ದ ಹುಡುಗ. ಅವನದು ವಿಕ್ಟೋರಿಯಾ ಸರೋವರದ ದಡದಲ್ಲಿರುವ ಕಿಸುಮು ಕಡೆಯ ಊರು. "ಮಾಮಾ, ಈ ಪುಸ್ತಕ ಓದುವವರು ಮಾಲ್‌ಗೆ ಬರುವುದಿಲ್ಲ. ಅವರು ಶುಕ್ರವಾರ ರಾತ್ರಿ ಊರಿನ ಬಸ್ಸು ಹತ್ತುತ್ತಾರೆ" ಎಂದ. ಅಲ್ಲಿ ಹೆಂಗಸರನ್ನು ಗೌರವದಿಂದ ಮಾಮಾ ಎಂದೇ ಕರೆಯುವುದು. ಮುಂದಿನ ವಾರ 200 ಪ್ರತಿಗಳ ಪಾರ್ಸೆಲ್ ಕಟ್ಟಿ ಬಸ್ಸಿಗೆ ಹಾಕಿ, ನಾವಿಬ್ಬರೂ ಅದೇ ಬಸ್ಸಿನಲ್ಲಿ ಕಿಸುಮುಗೆ ಹೋದೆವು.

ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಯವರ ಒಪ್ಪಿಗೆ ಪಡೆದು ಮರದ ಕೆಳಗೆ ಮೇಜು ಹಾಕಿದೆವು. ಸುಮ್ನೆ ಪುಸ್ತಕ ಜೋಡಿಸಿಟ್ಟು ಕೂತಾಗ ಯಾರೂ ಹತ್ತಿರ ಬರಲಿಲ್ಲ. ಹುಡುಗ ಎದ್ದು ಒಂದು ಕಥೆಯನ್ನು ಗಟ್ಟಿಯಾಗಿ ಓದತೊಡಗಿದ. ಎರಡನೇ ಪುಟಕ್ಕೆ ಮಕ್ಕಳು ಸುತ್ತ ಸೇರಿದರು. ನಾಲ್ಕನೇ ಪುಟಕ್ಕೆ ಅವರ ಅಜ್ಜಿಯರು ಬಂದರು. ಮೊಲದ ಹಾಡು ಬಂದಾಗ ಎಲ್ಲರೂ ಒಟ್ಟಿಗೆ ಹಾಡಿದರು. ನನಗೆ ಒಂದು ಪದವೂ ಅರ್ಥವಾಗಲಿಲ್ಲ, ಆದರೆ ಕಣ್ಣು ತುಂಬಿತು. 1980ರಲ್ಲಿ ಕೆನ್ಯಾದ ಲೇಖಕ ಗೂಗಿಯವರ ಗಿಕುಯು ಭಾಷೆಯ ಕಾದಂಬರಿ ಬಂದಾಗ ಜನ ಮನೆಗಳಲ್ಲಿ, ಬಾರುಗಳಲ್ಲಿ ಅದನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದರಂತೆ. ಅದು ಹೇಗಿದ್ದಿರಬಹುದು ಎಂದು ಅವತ್ತು ತಿಳಿಯಿತು. ಆ ಮಧ್ಯಾಹ್ನ 63 ಪ್ರತಿ ಹೋದವು. ನಾಲ್ಕು ತಿಂಗಳಲ್ಲಿ ಅಂಗಡಿಗಳೆಲ್ಲ ಸೇರಿ ಮಾರಿದ್ದಕ್ಕಿಂತ ಜಾಸ್ತಿ.

ದುಡ್ಡಿನ ತಾಪತ್ರಯ ತಪ್ಪಿಸಿದ್ದು ಎಂ-ಪೆಸಾ. 2007ರಿಂದ ಕೆನ್ಯಾದಲ್ಲಿ ಫೋನಿನಲ್ಲೇ ಹಣ ಕಳಿಸುವ ವ್ಯವಸ್ಥೆ ಇದೆ. ಬಟನ್ ಫೋನ್ ಇದ್ದರೂ ಸಾಕು. ಪುಸ್ತಕ ಕೈಗೆ, ಹಣ ನಮ್ಮ ನಂಬರಿಗೆ. ಬಿಲ್ಲಿಗೆ ಅಲೆಯುವ ಕೆಲಸವೇ ಇಲ್ಲ.

ಆಮೇಲೆ ಸಿಯಾಯಾ, ಹೋಮಾ ಬೇ ಕಡೆ ಒಂಬತ್ತು ಜನ ನಿವೃತ್ತ ಶಿಕ್ಷಕರನ್ನು ಹುಡುಕಿದೆವು. ಶಿಕ್ಷಕರನ್ನು ಅಲ್ಲಿ ಮ್ವಾಲಿಮು ಎನ್ನುತ್ತಾರೆ. ನಿವೃತ್ತರಾದ ಮೇಲೂ ಊರಿಗೆ ಅವರು ಮ್ವಾಲಿಮುವೇ, ಅವರ ಮಾತಿಗೆ ತೂಕವಿದೆ. ಕೆಲಸದಲ್ಲಿರುವ ಶಿಕ್ಷಕರು ಬೇಡ ಎಂದು ನಾನು ಹಟ ಹಿಡಿದೆ. ಮೇಷ್ಟ್ರೇ ಪುಸ್ತಕ ಮಾರಿದರೆ ಬಡ ಅಪ್ಪ ಅಮ್ಮನಿಗೆ ಬೇಡ ಎನ್ನಲು ಆಗುವುದಿಲ್ಲ ಅಲ್ವಾ? ಒಬ್ಬೊಬ್ಬರಿಗೆ 20 ಪ್ರತಿ ಕೊಟ್ಟೆವು, ಮುಂಗಡ ಕೇಳಲಿಲ್ಲ. ಕಮಿಷನ್ ಶೇ. 25. ಶನಿವಾರ ಸಂಜೆ ಹಣ ಬರಬೇಕು. ಒಬ್ಬರೂ ಕೈಕೊಡಲಿಲ್ಲ. ಅಂಗಡಿಗಿಂತ ಕಮಿಷನ್ ಕಡಿಮೆ ಇದ್ದದ್ದರಿಂದ ಮುಖಬೆಲೆಯನ್ನು 350ಕ್ಕೆ ಇಳಿಸಿದೆವು.

ನೈರೋಬಿಯಲ್ಲಿ ಇನ್ನೊಂದು ದಾರಿ ಸಿಕ್ಕಿತು. ಟಾಮ್ ಎಂಬೋಯಾ ಬೀದಿಯ ಸುತ್ತ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರಡಿ ಮಾರುವವರಿದ್ದಾರೆ. ಜನ ಅದನ್ನು "ಇನಾಮಾ" ಅಂಗಡಿ ಎನ್ನುತ್ತಾರೆ. ಸ್ವಾಹಿಲಿಯಲ್ಲಿ ಇನಾಮಾ ಎಂದರೆ ಬಗ್ಗು. ಬಗ್ಗಿ ನೋಡಿ ಕೊಳ್ಳಬೇಕಲ್ಲ, ಅದಕ್ಕೆ. ಅವರಿಗೆ ಶೇ. 40 ಬಿಟ್ಟೆ, ಆದರೆ ನಗದು. ಹತ್ತು ಹತ್ತು ಪ್ರತಿ ಒಯ್ದರು. ಒಂದೂ ವಾಪಸ್ ಬರಲಿಲ್ಲ. ಸಂಜೆ ಬಸ್ಸಿಗೆ ಓಡುವವರು ಅಲ್ಲೇ ಹಾದುಹೋಗುತ್ತಾರೆ. ಊರಿಗೆ ಹೊರಟವರ ಚೀಲಕ್ಕೆ ನಮ್ಮ ಪುಸ್ತಕ ಸೇರುತ್ತಿತ್ತು.

ದೇಶದ ಆಚೆ ಕಳಿಸುವುದು ಬೇರೆಯೇ ಕಷ್ಟ. ನೈರೋಬಿಯಿಂದ ಲಾಗೋಸಿಗೆ ಒಂದು ಪುಸ್ತಕ ಕಳಿಸಲು ಪುಸ್ತಕದ ಬೆಲೆಗಿಂತ ಜಾಸ್ತಿ ಖರ್ಚು. ಒಂದೇ ಖಂಡ, ಆದರೂ ಹೀಗೆ. ವಿದೇಶದ ಬೇಡಿಕೆಗೆ ನಾವು ಹಿಡಿದದ್ದು ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಅಚ್ಚು ಹಾಕುವ ಪದ್ಧತಿ. ಆಫ್ರಿಕದ ಪ್ರಕಾಶಕರೇ 1985ರಲ್ಲಿ ಕೂಡಿ ಯೋಚಿಸಿ, 1989ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ವ್ಯಾಪಾರ ಶುರುಮಾಡಿದ ಆಫ್ರಿಕನ್ ಬುಕ್ಸ್ ಕಲೆಕ್ಟಿವ್ ಈ ಕೆಲಸ ಮಾಡುತ್ತದೆ. ಫೈಲ್ ಕಳಿಸಿದರೆ ಸಾಕು, ಪುಸ್ತಕ ಹಡಗು ಹತ್ತಬೇಕಿಲ್ಲ. ಇದರಿಂದ ಬಂದ ಹಣ ದೊಡ್ಡದೇನಲ್ಲ. ಆದರೆ ಧೊಲುವೊ ಪುಸ್ತಕವೊಂದು ಹೊರದೇಶದ ಲೈಬ್ರರಿಯ ಪಟ್ಟಿಯಲ್ಲಿ ಸೇರುವುದು ನನಗೆ ಮುಖ್ಯವಾಗಿತ್ತು.

ಎರಡು ಸಾವಿರವೂ ಮುಗಿಯಲು ಹತ್ತೊಂಬತ್ತು ತಿಂಗಳು ಬೇಕಾಯಿತು. ನಮ್ಮಲ್ಲಿ ಲೈಬ್ರರಿ ಖರೀದಿಗೆ ಕಾದು ಕೂತ ಪ್ರಕಾಶಕರನ್ನು ಅಪ್ಪನ ಅಂಗಡಿಯಲ್ಲಿ ಚಿಕ್ಕಂದಿನಿಂದ ನೋಡಿದ್ದೆ. ಕೆನ್ಯಾದಲ್ಲೂ ಪಠ್ಯಪುಸ್ತಕದ ಸರ್ಕಾರಿ ಪಟ್ಟಿಗೆ ಹಾಗೇ ಕಾಯುತ್ತಾರೆ. ಯಾವ ಪಟ್ಟಿಗೂ ಕಾಯದೆ ಒಂದು ಪುಸ್ತಕ ಖಾಲಿಯಾದದ್ದು ನಮ್ಮ ಆಫೀಸಿನಲ್ಲಿ ದೊಡ್ಡ ಸಂಗತಿ.

ಎರಡನೇ ಮುದ್ರಣ ನೈರೋಬಿಯಲ್ಲೇ, ನವೆಂಬರಿನಲ್ಲಿ ಮಾಡಿಸಿದೆ. ದರ ಸ್ವಲ್ಪ ಜಾಸ್ತಿ, ಆದರೆ ಜನವರಿಗೆ ಪುಸ್ತಕ ಕೈಯಲ್ಲಿತ್ತು. ಅದರಲ್ಲಿ ಮೊಲದ ಹಾಡಿನ ಎರಡು ಸಾಲು ಬದಲಾಗಿವೆ. ಸಿಯಾಯಾದ ಒಬ್ಬರು ಅಜ್ಜಿ, "ಇದು ತಪ್ಪು, ನಮ್ಮಮ್ಮ ಹೀಗೆ ಹಾಡುತ್ತಿದ್ದಳು" ಎಂದು ಹಾಡಿ ತೋರಿಸಿದ್ದರು. ಧೊಲುವೊದಲ್ಲಿ ಅಜ್ಜಿಗೆ ದಾನಿ ಎನ್ನುತ್ತಾರೆ. ಕನ್ನಡದ ಕಿವಿಗೆ ಆ ಪದ ಎಷ್ಟು ಹಿತ! ಲೇಖಕಿಗೆ ಹೇಳಿ ಸಾಲು ತಿದ್ದಿಸಿ, ಪುಸ್ತಕದಲ್ಲಿ ಅವರ ಹೆಸರನ್ನೂ ಹಾಕಿದೆವು. ಹೊಸ ಪ್ರತಿ ಒಯ್ದು ಕೊಟ್ಟಾಗ ಪುಕ್ಕಟೆ ತೆಗೆದುಕೊಳ್ಳಲು ಅವರು ಒಪ್ಪಲೇ ಇಲ್ಲ. ಮೊಮ್ಮಗನ ಫೋನಿನಿಂದ ನಾಲ್ಕು ಪ್ರತಿಯ ಹಣ ಹಾಕಿಸಿದರು.